ಠಸ್ಸೆ ಕ್ಲಬ್, ಚಾರಣ ಕ್ಲಬ್, ಕ್ಯಾಮೆರಾ ಕ್ಲಬ್: ನಾನು ಚಂದಾ ಕಟ್ಟುತ್ತಿರುವುದು ಒಂದಕ್ಕೇ

ಅಮೆರಿಕದ ನ್ಯಾಷನಲ್ ಪಾರ್ಕುಗಳ ಹುಚ್ಚು ಹಿಡಿದವರಿಗೆ ಸಂಘಗಳ ಬರವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೂರು ಬಗೆಯ ಕ್ಲಬ್ಬುಗಳಲ್ಲಿ ಓಡಾಡಿದೆ: ಪಾರ್ಕಿಂದ ಪಾರ್ಕಿಗೆ ಹೋಗಿ ಪುಸ್ತಕದಲ್ಲಿ ಠಸ್ಸೆ ಒತ್ತಿಸಿಕೊಳ್ಳುವವರದು, ಬೆಟ್ಟ ಹತ್ತುವವರದು, ಫೋಟೋ ತೆಗೆಯುವವರದು. ಈಗ ಸದಸ್ಯತ್ವ ಉಳಿಸಿಕೊಂಡಿರುವುದು ಠಸ್ಸೆಯವರಲ್ಲಿ ಮಾತ್ರ. ಮೂರರಲ್ಲಿ ಮಕ್ಕಳಾಟದಂತೆ ಕಾಣುವುದೂ ಅದೇ, ಅದು ಬೇರೆ ಮಾತು.

ಕ್ಯಾಮೆರಾದವರದು ಬೇಗ ಮುಗಿಸುತ್ತೇನೆ. ಒಳ್ಳೆಯ ಜನ, ಆದರೆ ಬೆಳಕಿಗಾಗಿ ಕಾಯುವುದೇ ಅವರ ಬದುಕು. ಯೊಸೆಮಿಟಿ ಪಾರ್ಕಿನಲ್ಲಿ ಎಲ್ ಕ್ಯಾಪಿಟಾನ್ ಬಂಡೆಯ ಪೂರ್ವ ಅಂಚಿನಿಂದ ಬೀಳುವ ಹಾರ್ಸ್‌ಟೇಲ್ ಜಲಪಾತ ಫೆಬ್ರವರಿ ಮಧ್ಯದಿಂದ ಕೊನೆಯವರೆಗೆ ಸಂಜೆಬಿಸಿಲಿಗೆ ಬೆಂಕಿಯಂತೆ ಹೊಳೆಯುತ್ತದೆ. ಮೋಡ ಬಂದರೆ ಆ ಸಂಜೆ ಏನೂ ಇಲ್ಲ. ಮಧ್ಯಾಹ್ನದಿಂದಲೇ ಟ್ರೈಪಾಡ್ ನೆಟ್ಟು ಜಾಗ ಹಿಡಿದು, ಚಳಿಯಲ್ಲಿ ಲೆನ್ಸುಗಳ ಬೆಲೆ ಕೇಳುತ್ತ ನಿಲ್ಲಬೇಕು. ನನ್ನ ಹತ್ತಿರ ಇರುವುದು ಫೋನು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಚಾರಣದವರ ಮೇಲೆ ಮಾತ್ರ ನನಗಿನ್ನೂ ಸಿಟ್ಟಿದೆ. ಅವರ ಜೊತೆ ನಡೆಯುವುದು ಖುಷಿಯೇ. ಮುಂದೆ ಹೋದವರು ತಿರುವಿನಲ್ಲಿ ನಿಂತು ಕಾಯುತ್ತಾರೆ, ನೀರು ಹಂಚಿಕೊಳ್ಳುತ್ತಾರೆ. ತೊಂದರೆ ಇರುವುದು ಕಾಗದದಲ್ಲಿ.

ಯೊಸೆಮಿಟಿಯದ್ದೇ ಬೋಳುಬಂಡೆಯ ಬೆಟ್ಟ ಹಾಫ್ ಡೋಮ್ ಹತ್ತಲು ಪರ್ಮಿಟ್ ಬೇಕು. ದಿನಕ್ಕೆ ಬಿಡುವುದು ಸುಮಾರು 300 ಜನರನ್ನು. ಅದಕ್ಕೆ ಮಾರ್ಚ್ ತಿಂಗಳಲ್ಲಿ ಲಾಟರಿ. ಒಂದು ಅರ್ಜಿಯಲ್ಲಿ ಹೆಚ್ಚೆಂದರೆ ಆರು ಜನ. ಅರ್ಜಿಯಲ್ಲಿ ಒಬ್ಬ ನಾಯಕ, ಬೇಕಿದ್ದರೆ ಒಬ್ಬ ಬದಲಿ ನಾಯಕ. ಈ ಇಬ್ಬರಲ್ಲಿ ಒಬ್ಬರಾದರೂ ಗುಂಪಿನ ಜೊತೆ ಇರಲೇಬೇಕು. ಪರ್ಮಿಟ್ ಮತ್ತೊಬ್ಬರ ಹೆಸರಿಗೆ ವರ್ಗವಾಗುವುದಿಲ್ಲ. ಹಾಗಾಗಿ ದೊಡ್ಡ ಕ್ಲಬ್ಬು ಆರಾರು ಜನರ ತಂಡಗಳಾಗಿ ಒಡೆದು, ಒಂದೊಂದು ತಂಡಕ್ಕೂ ಬೇರೆ ಬೇರೆ ನಾಯಕರನ್ನು ಹುಡುಕಬೇಕು. ಇಷ್ಟರವರೆಗೆ ನಿಯಮದಲ್ಲಿ ತಪ್ಪಿಲ್ಲ. ಕೊನೆಯ ಕಡಿದಾದ ಬಂಡೆ ಹತ್ತಲು ಹಿಡಿದುಕೊಳ್ಳುವ ಉಕ್ಕಿನ ಕೇಬಲ್ಲುಗಳ ಮೇಲೆ ನೂಕುನುಗ್ಗಲಾದರೆ ಏನಾಗಬಹುದೆಂದು ಫೋಟೋ ನೋಡಿದರೇ ಗೊತ್ತಾಗುತ್ತದೆ.

ನಮ್ಮ ತಂಡದ ನಾಯಕ ಕ್ಲಬ್ಬಿನ ಪದಾಧಿಕಾರಿ. ಬದಲಿ ನಾಯಕಿ ಅವರ ಹೆಂಡತಿ. ಇದು ಯಾರಿಗೂ ಮೊದಲು ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಿದ್ದರೋ! ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಮಗುವಿಗೆ ಜ್ವರ, ಇಬ್ಬರೂ ಬರುವುದಿಲ್ಲವೆಂದು ಸಂದೇಶ ಬಂತು. ಮಗುವಿಗೆ ಜ್ವರ ಬಂದರೆ ಅಪ್ಪ ಅಮ್ಮ ಉಳಿಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಂದೇಶದ ಕೊನೆಯ ಸಾಲು ನೋಡಿ: "ಪರ್ಮಿಟ್ ಪ್ರತಿ ಕಳಿಸಿದ್ದೇನೆ, ಅಲ್ಲಿ ಯಾರೂ ಕೇಳುವುದಿಲ್ಲ."

ಕೇಳಿದರು. ಕಣಿವೆಯ ತಳದಿಂದ ಹೋಗಿ ಬರಲು 14ರಿಂದ 16 ಮೈಲಿ, ಏರು ಸುಮಾರು 4,800 ಅಡಿ. ಕತ್ತಲಲ್ಲೇ ಹೊರಟು, ವರ್ನಲ್ ಜಲಪಾತದ ಪಕ್ಕದ ಒದ್ದೆ ಮೆಟ್ಟಿಲು, ನೆವಾಡಾ ಜಲಪಾತ, ಆಮೇಲೆ ಮುಗಿಯದ ಕಾಡು, ಎಲ್ಲ ದಾಟಿ, ಹಾಫ್ ಡೋಮಿಗೆ ಮುಂಚೆ ಸಿಗುವ ಸಬ್‌ಡೋಮ್ ಎಂಬ ಬಂಡೆಗುಡ್ಡದ ಬುಡಕ್ಕೆ ಬಂದರೆ ಅಲ್ಲಿ ರೇಂಜರ್ ನಿಂತಿದ್ದಾರೆ. ಪರ್ಮಿಟ್ ನೋಡಿದರು, ಗುರುತಿನ ಚೀಟಿ ಕೇಳಿದರು. ಹೆಸರು ತಾಳೆಯಾಗಲಿಲ್ಲ. ಅಲ್ಲಿಂದ ಮುಂದಿನ ಕೇಬಲ್ಲುಗಳ ಆ 400 ಅಡಿಯನ್ನು ಕುತ್ತಿಗೆ ಎತ್ತಿ ನೋಡಿ, ಚಕ್ಕುಲಿ ತಿಂದು, ಇಳಿದೆವು.

ಇಳಿಯುವಾಗ ಮೊಣಕಾಲಿಗಿಂತ ಹೆಚ್ಚು ನೋಯುತ್ತಿದ್ದದ್ದು ಬೇರೆ. ಪ್ರಯಾಣಕ್ಕೆ ಎರಡು ದಿನ ಮುಂಚೆ ನಡೆಯುವ ದಿನವಾರು ಲಾಟರಿಗೆ ನಮ್ಮಲ್ಲೇ ಯಾರಾದರೂ ತಮ್ಮ ಹೆಸರಲ್ಲಿ ಅರ್ಜಿ ಹಾಕಿ ನೋಡಬಹುದಿತ್ತು. ಮಗು ಎರಡು ದಿನದಿಂದಲೇ ಮಲಗಿತ್ತಂತೆ. ಹೇಳಿದ್ದರೆ ತಾನೆ? ಮುಂದಿನ ಸಭೆಯಲ್ಲಿ ಇದನ್ನು ಎತ್ತಿದಾಗ "ಬೆಟ್ಟ ಎಲ್ಲಿಗೂ ಹೋಗುವುದಿಲ್ಲ" ಎಂಬ ಉತ್ತರ ಸಿಕ್ಕಿತು. ಬೆಟ್ಟ ಹೋಗುವುದಿಲ್ಲ ನಿಜ, ರಜೆ ಹೋಗುತ್ತದೆ.

ಈಗ ಠಸ್ಸೆಯವರು. 1986ರಿಂದ ಪಾರ್ಕುಗಳದ್ದೇ ಒಂದು ಪಾಸ್‌ಪೋರ್ಟ್ ಪುಸ್ತಕ ಮಾರಾಟದಲ್ಲಿದೆ. ವಿಸಿಟರ್ ಸೆಂಟರಿನ ಮೇಜಿನ ಮೇಲೆ ಜಾಗದ ಹೆಸರು ಮತ್ತು ತಾರೀಖಿನ ರಬ್ಬರ್ ಠಸ್ಸೆ ಇಟ್ಟಿರುತ್ತಾರೆ, ಪುಕ್ಕಟೆ, ನೀವೇ ಒತ್ತಿಕೊಳ್ಳಬೇಕು. ಇಷ್ಟಕ್ಕೆ ಕ್ಲಬ್ ಯಾಕೆ ಎಂದು ನಾನೂ ನಕ್ಕಿದ್ದೆ. ಆದರೆ ಇಲ್ಲಿ ಯಾರೂ ಯಾರಿಗೂ ಕಾಯಬೇಕಿಲ್ಲ. ನಿಮ್ಮ ರಜೆ, ನಿಮ್ಮ ಕಾರು, ನಿಮ್ಮ ಹೆಸರಿನ ಕ್ಯಾಂಪು. ತಿಂಗಳಿಗೊಮ್ಮೆ ಸೇರಿದಾಗ ಎಲ್ಲಿಗೆ ಹೋಗಿದ್ದಿರಿ, ಯಾವ ರಸ್ತೆ ತೆರೆದಿದೆ, ಯಾವ ಠಸ್ಸೆ ಯಾವ ಮೂಲೆಯ ಕೋಣೆಯಲ್ಲಿದೆ ಎಂಬ ಮಾತು. ಹಲಸಿನ ತೊಳೆ ಬಿಡಿಸಿದಂತೆ ಒಂದು ಊರಿನ ಹೆಸರಿಂದ ಇನ್ನೊಂದು ಬಿಚ್ಚಿಕೊಳ್ಳುತ್ತದೆ.

ನನ್ನ ನಕ್ಷೆ ಬದಲಾದದ್ದು ಇವರಿಂದಲೇ. ಹೆಸರಲ್ಲಿ 'ನ್ಯಾಷನಲ್ ಪಾರ್ಕ್' ಇರುವವು 63, ಆದರೆ ಸರ್ಕಾರದ ನ್ಯಾಷನಲ್ ಪಾರ್ಕ್ ಸೇವೆ ನೋಡಿಕೊಳ್ಳುವ ಜಾಗಗಳು 430ಕ್ಕೂ ಹೆಚ್ಚು. ಅದರಲ್ಲಿ ಫಿಲಡೆಲ್ಫಿಯಾದ ಕೊಸ್ಚುಸ್ಕೊ ಸ್ಮಾರಕ 0.02 ಎಕರೆ, ಒಂದು ಮನೆಯಷ್ಟೇ. ಅಲಾಸ್ಕಾದ ರಾಂಗಲ್ ಸೇಂಟ್ ಇಲಾಯಸ್ 1.3 ಕೋಟಿ ಎಕರೆ ದಾಟುತ್ತದೆ. ಠಸ್ಸೆ ಎರಡಕ್ಕೂ ಒಂದೇ ಅಳತೆ.

ಇವರು ಹೇಳಿಕೊಟ್ಟ ಒಂದು ದಾರಿ ಹೇಳುತ್ತೇನೆ. ಅಕ್ಟೋಬರಿನಲ್ಲಿ, ಟಯೋಗಾ ಕಣಿವೆದಾರಿ ಹಿಮಕ್ಕೆ ಮುಚ್ಚುವ ಮೊದಲು, ಯೊಸೆಮಿಟಿಯಿಂದ ಪೂರ್ವಕ್ಕೆ ದಾಟಿ 395 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಇಳಿಯುವುದು. ಆ ಹೊತ್ತಿಗೆ ಮುಂದೆ ಸಿಗುವ ಡೆತ್ ವ್ಯಾಲಿ ಮರುಭೂಮಿಯ ಕಾವೂ ಇಳಿದಿರುತ್ತದೆ. ದಾರಿಯಲ್ಲಿ ಮಂಜನಾರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ 10,000ಕ್ಕೂ ಹೆಚ್ಚು ಜನರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿದ್ದ ಬಯಲು. ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಇಷ್ಟು ವರ್ಷ ಆ ಹೆದ್ದಾರಿಯಲ್ಲಿ ವಿಟ್ನಿ ಶಿಖರ ನೋಡುತ್ತ ಕಾರು ಓಡಿಸಿದ್ದೆ, ಮಂಜನಾರಿನ ಫಲಕ ಕಂಡರೂ ಇಳಿದಿರಲಿಲ್ಲ. ಠಸ್ಸೆಗೆಂದು ಒಳಗೆ ಹೋದವನು ಮಧ್ಯಾಹ್ನವಿಡೀ ಅಲ್ಲೇ ಇದ್ದೆ. ಪಕ್ಕದ ಸ್ಮಶಾನದ ಬಿಳಿ ಕಂಬದ ಬುಡದಲ್ಲಿ ಜನ ಇಟ್ಟುಹೋದ ನಾಣ್ಯಗಳಿದ್ದವು.

ಇವರಲ್ಲೂ ಕೊರತೆಯಿದೆ. ಬಾಗಿಲು ಮುಚ್ಚುವ ಹೊತ್ತಿಗೆ ಓಡಿ ಬಂದು, ಒತ್ತಿ, ಕಾರು ತಿರುಗಿಸಿ ಹೋಗುವವರಿದ್ದಾರೆ. ಸೆಂಟರ್ ಮುಚ್ಚಿದರೆ ಅಂದಿನ ತಾರೀಖಿನ ಠಸ್ಸೆ ಇಲ್ಲ, ಗೊಣಗಿ ಉಪಯೋಗವಿಲ್ಲ. ಯಾರ ಪುಸ್ತಕ ಎಷ್ಟು ತುಂಬಿದೆ ಎಂಬ ಲೆಕ್ಕ ಕೆಲವೊಮ್ಮೆ ಬೇಸರ ತರಿಸುತ್ತದೆ.

ಖರ್ಚಿನ ಮಾತು ಒಂದೇ. ಪಾರ್ಕುಗಳ ಪ್ರವೇಶಕ್ಕೆ 80 ಡಾಲರಿನ ವಾರ್ಷಿಕ ಪಾಸು ಮೂರರಲ್ಲೂ ಬೇಕು. 2026ರಿಂದ ಆ ದರ ಇಲ್ಲಿನ ನಿವಾಸಿಗಳಿಗೆ ಮಾತ್ರ, ಹೊರದೇಶದವರಿಗೆ 250. ಖಾಸಗಿ ವಾಹನದಲ್ಲಿ ಹೋದರೆ ಒಂದು ಪಾಸಿನಲ್ಲಿ ಕಾರಿನವರೆಲ್ಲ ಒಳಗೆ ಹೋಗಬಹುದು. ಕ್ಯಾಮೆರಾದವರಲ್ಲಿ ಮಿಕ್ಕ ಖರ್ಚಿಗೆ ಮಿತಿಯಿಲ್ಲ. ಠಸ್ಸೆಯವರಲ್ಲಿ ಪೆಟ್ರೋಲು, ಪುಸ್ತಕ, ಅಷ್ಟೇ.

ನಾನು ಶುಕ್ರವಾರ ಸಂಜೆ ಮನಸ್ಸು ಬಂದರೆ ಹೊರಡುವವನು. ಆರು ತಿಂಗಳು ಮುಂಚೆ ನಾಲ್ಕು ಜನರ ಜೊತೆ ತಾರೀಖು ಗೊತ್ತುಮಾಡುವುದು ನನ್ನಿಂದಾಗದು. ಮನೆಯವರೂ ಜೊತೆಗಿರುತ್ತಾರೆ, ಪುಳಿಯೋಗರೆ ಡಬ್ಬಿಯೂ ಇರುತ್ತದೆ. ಯೊಸೆಮಿಟಿಯಲ್ಲಿ ಆ ಡಬ್ಬಿಯ ಜೊತೆ ಟೂತ್‌ಪೇಸ್ಟನ್ನೂ ಕರಡಿಗೆ ಸಿಗದಂತೆ ಕಬ್ಬಿಣದ ಪೆಟ್ಟಿಗೆಗೆ ಹಾಕಬೇಕು, ಮರೆಯಬೇಡಿ. ನಿಮಗೆ ಶಿಖರಗಳೇ ಬೇಕು, ಕಾಲು ಗಟ್ಟಿ, ರಜೆ ಧಾರಾಳ ಅನ್ನುವುದಾದರೆ ಚಾರಣ ಕ್ಲಬ್ಬೇ ಸೇರಿ. ಒಂದೇ ಷರತ್ತು: ಅರ್ಜಿಯ ಇಬ್ಬರು ನಾಯಕರಲ್ಲಿ ಒಬ್ಬರು ನೀವೇ ಆಗಿರಿ.