ಶಾರ್ಟನ್, ಅಬ್ರಿಜ್, ಕರ್ಟೇಲ್: ಯಾವುದು ಎಲ್ಲಿ?

ಪ್ರಬಂಧ ಚಿಕ್ಕದು ಮಾಡಿದ್ದನ್ನು ಇಂಗ್ಲಿಷಿನಲ್ಲಿ ಯಾವ ಪದದಿಂದ ಹೇಳುವುದು ಅಂತ ಕೇಳಿದ್ದೀರಿ. ಅಲ್ಲಿ ‘ಚಿಕ್ಕದು ಮಾಡು’ ಅನ್ನಲು ಬೇಕಾದಷ್ಟು ಪದಗಳಿವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಸುಮ್ನೆ ಹೋಗಿ ಕೂರುವುದಿಲ್ಲ. ಉದ್ದ ಕಡಿಮೆಯಾದರೆ ಶಾರ್ಟನ್. ತೂಕ, ಖರ್ಚು, ವೇಗ ಇಳಿಸಿದರೆ ರಿಡ್ಯೂಸ್. ಇವೆರಡು ಸುಲಭ.

ಜಾಸ್ತಿ ಗೊಂದಲ ಅಬ್ರಿವಿಯೇಟ್ ಮತ್ತು ಅಬ್ರಿಜ್ ನಡುವೆ. ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಬಂದವು, ಕೆಲಸ ಮಾತ್ರ ಬೇರೆ. ‘ಡಾಕ್ಟರ್’ ಹೋಗಿ ‘ಡಾ.’ ಆದರೆ ಅಬ್ರಿವಿಯೇಟ್. 600 ಪುಟದ ಕಾದಂಬರಿಯ ಕೆಲವು ಭಾಗ ತೆಗೆದು 200 ಪುಟ ಮಾಡಿದರೆ ಅಬ್ರಿಜ್. ಅದೇ ವಿಷಯವನ್ನು ಕಡಿಮೆ ಮಾತಿನಲ್ಲಿ ಒತ್ತಾಗಿ ಹೇಳಿದರೆ ಕಂಡೆನ್ಸ್. ಹಾಲನ್ನು ಇಂಗಿಸಿ ಗಟ್ಟಿ ಮಾಡುವುದಕ್ಕೂ ಇದೇ ಪದ. ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ನಿಮ್ಮ ಪ್ರಬಂಧ ಚಿಕ್ಕದು ಮಾಡಿದ್ದನ್ನು ಹೇಳಲು ನಾನು ಇದನ್ನೇ ಆರಿಸುತ್ತೇನೆ.

ಕರ್ಟೇಲ್ ಅಲ್ಲಿಗೆ ಬೇಡ. ಅದರಲ್ಲಿ ಕಡಿವಾಣದ ಧ್ವನಿ ಇದೆ: ಹಕ್ಕು, ಸ್ವಾತಂತ್ರ್ಯ, ಅರ್ಧಕ್ಕೆ ನಿಂತ ಪ್ರವಾಸ.

ಟ್ರಂಕೇಟ್ ಅಂದರೆ ತುದಿ ಕತ್ತರಿಸುವುದು, ಅಷ್ಟೇ. 3.789 ಅನ್ನು ಎರಡು ದಶಮಾಂಶಕ್ಕೆ ಟ್ರಂಕೇಟ್ ಮಾಡಿದರೆ 3.78, ರೌಂಡ್ ಮಾಡಿದರೆ 3.79.