ವಿಂಡೋಸ್ 10, 11, ಲಿನಕ್ಸ್ ಮಿಂಟ್: ತೋಟದ ಆಫೀಸಿಗೆ ಯಾವುದು?

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಕಂಪ್ಯೂಟರ್ ಏನೂ ನಿಂತುಹೋಗುವುದಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ, ಅಷ್ಟೇ. ಆದರೆ ಅದರಲ್ಲೇ ನೆಟ್ ಬ್ಯಾಂಕಿಂಗ್ ಮಾಡುವವರು 'ಅಷ್ಟೇ' ಅಂತ ಸುಮ್ನೆ ಕೂರೋಕಾಗಲ್ಲ, ಅಲ್ವಾ? ಮಾದಾಪುರದ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ನನ್ನ ಲ್ಯಾಪ್‌ಟಾಪ್ ಒಂದು, ರೈಟರ್ ಕೂಲಿ ಲೆಕ್ಕ ಬರೆಯುವ ಹಳೇ ಡೆಸ್ಕ್‌ಟಾಪ್ ಒಂದು ಇದೆ. ಮೂರು ದಾರಿಗಳನ್ನೂ ಇವುಗಳ ಮೇಲೆ ನೋಡಿದ್ದಾಯಿತು.

ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿದೆ. ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್. ಮೊದಲು 'ಈ ಪಿಸಿ ಆಗಲ್ಲ' ಎಂದಿತು. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್ಸ್) ಟಿಪಿಎಂ ಎಂಬ ಸೆಕ್ಯುರಿಟಿ ಚಿಪ್ ಆಫ್ ಇತ್ತು, ಆನ್ ಮಾಡಿದ ಮೇಲೆ ಒಪ್ಪಿತು. ಫೈಲುಗಳು, ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಎಲ್ಲ ಇದ್ದ ಹಾಗೇ ಇದ್ದವು. ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಟ್ಯಾಬ್ ಬಂದಿರುವುದು ಖುಷಿ. ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನುಗೆ ಇನ್ನೊಂದು ಕ್ಲಿಕ್ ಬೇಕು, ಅದು ಕಿರಿಕಿರಿ. "ಸಾರ್, ಸ್ಟಾರ್ಟ್ ಬಟನ್ ಯಾಕೆ ಮಧ್ಯಕ್ಕೆ ಬಂತು?" ಅಂತ ರೈಟರ್ ಕೇಳಿದರು. ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ತಳ್ಳಿದೆ. ಇಷ್ಟವಾಗದಿದ್ದರೆ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು.

ನಮ್ಮ ಕಡೆ ನಿಜವಾದ ತಲೆನೋವು ಬೇರೆ. ಡೌನ್‌ಲೋಡ್ ಹಲವು ಜಿಬಿ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಹಾಗಾಗಿ ಮಡಿಕೇರಿಯಲ್ಲಿ ಫೈಬರ್ ಇರುವ ನೆಂಟರ ಮನೆಯಲ್ಲಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ತಂದೆ. ಇನ್‌ಸ್ಟಾಲ್ ಆಗುವಾಗ ಬ್ಯಾಟರಿ ಇರುವುದರಿಂದ ಲ್ಯಾಪ್‌ಟಾಪ್‌ಗೆ ಧೈರ್ಯ. ಯುಪಿಎಸ್ ಸೊರಗಿದ ಡೆಸ್ಕ್‌ಟಾಪ್‌ಗೆ ಜೂನ್‌ನಿಂದ ಆಗಸ್ಟ್‌ವರೆಗೆ ಈ ಕೆಲಸ ಬೇಡವೇ ಬೇಡ.

ಆ ಡೆಸ್ಕ್‌ಟಾಪ್ 6ನೇ ತಲೆಮಾರಿನದು, 11ಕ್ಕೆ ಅರ್ಹತೆ ಇಲ್ಲ. ಅಡ್ಡದಾರಿಗಳಿವೆ, ಆದರೆ ಹಾಗೆ ಹಾಕಿದ ಮೇಲೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಕೂಲಿ ಲೆಕ್ಕದ ಮೇಲೆ ಪ್ರಯೋಗ ಮಾಡುವ ಮನಸ್ಸು ನನಗಿಲ್ಲ.

ಅದಕ್ಕೇ ಅದರಲ್ಲಿ ಲಿನಕ್ಸ್ ಮಿಂಟ್ 22 ನೋಡಿದೆ. ವಿಂಡೋಸ್ ಬದಲಿಗೆ ಹಾಕಬಹುದಾದ ಆಪರೇಟಿಂಗ್ ಸಿಸ್ಟಮ್ ಇದು. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಿಲ್ಲ. 2029ರವರೆಗೆ ಅಪ್‌ಡೇಟ್ ಬರುತ್ತದೆ, ಕಾಸು ಕೊಡಬೇಕಿಲ್ಲ. 4 ಜಿಬಿ ರ‍್ಯಾಮ್‌ನಲ್ಲೂ ತಕರಾರಿಲ್ಲದೆ ನಡೆಯಿತು. ಕನ್ನಡಕ್ಕೆ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಕೈಗೆ ಹೊಸದೇನಿಲ್ಲ. ಹಳೇ ನುಡಿ ಫೈಲುಗಳು ಮಾತ್ರ ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳೆಲ್ಲ ಕಲಸಿದ ಹಾಗೆ ಕಾಣುತ್ತವೆ. ಮನೆ ಬಳಕೆಗೆ ನನ್ನ ಓಟು ಇದಕ್ಕೇ. ಆದರೆ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ನಮ್ಮ ಆಫೀಸಿನ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು 10ರಲ್ಲೇ ಇದ್ದುಕೊಂಡು ಇಎಸ್‌ಯು, ಅಂದರೆ ಮೈಕ್ರೋಸಾಫ್ಟ್‌ನ ವಿಸ್ತರಿತ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ, ಪಡೆಯುವುದು. 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲ, ಬ್ಯಾಕಪ್ ಬೇಡವೆಂದರೆ 30 ಡಾಲರ್. ಹೊಸ ಸೌಲಭ್ಯವೇನೂ ಬರುವುದಿಲ್ಲ, ರೈಟರಿಗೆ ಅದು ಬೇಕೂ ಇಲ್ಲ. ಡೆಸ್ಕ್‌ಟಾಪ್‌ಗೆ ಇದನ್ನೇ ಮಾಡಿದೆ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿಯನ್ನೂ ಹಾಕಿಸಿದೆ. ನಿಜ ಹೇಳಬೇಕೆಂದರೆ ಮೂರರಲ್ಲಿ ಯಾವ ವ್ಯವಸ್ಥೆಯೂ ಕೊಡದಷ್ಟು ವೇಗ ಆ ಎಸ್‌ಎಸ್‌ಡಿಯಿಂದ ಬಂತು.

ಗಮನಿಸಬೇಕಾದ್ದು ಆ ಕೊನೆಯ ದಿನಾಂಕ. ಅಕ್ಟೋಬರ್ ಮುಗಿದರೆ ಅರೇಬಿಕಾ ಕೊಯ್ಲು, ಕೂಲಿ ಬಟವಾಡೆ ಜಾಸ್ತಿಯಾಗುವ ಕಾಲ. ಹಾಗಾಗಿ ಮಳೆ ಇಳಿದ ಮೇಲೆ, ಕೊಯ್ಲಿಗೆ ಮೊದಲು, 11 ನಡೆಯುವ ಒಂದು ಸೆಕೆಂಡ್‌ಹ್ಯಾಂಡ್ ಯಂತ್ರ ತಂದು ಟ್ಯಾಲಿಯನ್ನು ಅದಕ್ಕೆ ಸಾಗಿಸುವುದು. ಹಳೆಯದು ಮಿಂಟ್ ಹಾಕಿಸಿಕೊಂಡು ಮಕ್ಕಳ ಕೋಣೆಗೆ ಹೋಗುತ್ತದೆ.