ಗಿಸ್‌ಟೆಂಪ್ ಕೋಷ್ಟಕ: 1998–2012ರ ‘ವಿರಾಮ’ವನ್ನು ನಾವೇ ಅಳೆದು ನೋಡಲು ಎಷ್ಟು ಒದಗುತ್ತದೆ?

ನಾಸಾದ ಗಾಡರ್ಡ್ ಸಂಸ್ಥೆ ಭೂಮಿಯ ಸರಾಸರಿ ತಾಪಮಾನದ ಕೋಷ್ಟಕವನ್ನು ತಿಂಗಳು ತಿಂಗಳು ಹೊರಡಿಸುತ್ತದೆ. ಹೆಸರು ಗಿಸ್‌ಟೆಂಪ್. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. 1880ರ ಜನವರಿಯಿಂದ ಕಳೆದ ತಿಂಗಳವರೆಗಿನ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಒಂದು ಪುಟ್ಟ ಸಿಎಸ್‌ವಿ ಕಡತದಲ್ಲಿ ಸಿಗುತ್ತದೆ. ‘ಭೂಮಿ ಬಿಸಿಯಾಗುವುದು 1998ರಲ್ಲೇ ನಿಂತಿದೆ’ ಎಂಬ, ‘ವಿರಾಮ’ ಎಂದು ಹೆಸರಾದ ವಾದವನ್ನು ಯಾರ ಮಾತನ್ನೂ ನಂಬದೆ ಸ್ವತಃ ಪರೀಕ್ಷಿಸಲು ಇದಕ್ಕಿಂತ ಸುಲಭದ ಸಾಧನವಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಳೆದ ಒಂದು ಅಂಕ ಯಾಕೆ ಎಂಬುದು ಮುಂದೆ ಬರುತ್ತದೆ.

ಕಡತ ತೆರೆದ ಕೂಡಲೇ ಎರಡು ಕಡೆ ಎಡವುತ್ತೇವೆ. ಮೊದಲ ಸಾಲು ಶೀರ್ಷಿಕೆ ಮಾತ್ರ, ಕಾಲಂಗಳ ಹೆಸರು ಶುರುವಾಗುವುದು ಎರಡನೇ ಸಾಲಿನಲ್ಲಿ. ಇನ್ನೂ ಬಾರದ ತಿಂಗಳುಗಳ ಜಾಗದಲ್ಲಿ ಮೂರು ನಕ್ಷತ್ರಚಿಹ್ನೆ ಇರುತ್ತದೆ. ಸ್ಪ್ರೆಡ್‌ಶೀಟ್ ಅದನ್ನು ಪಠ್ಯ ಎಂದುಕೊಳ್ಳುವುದರಿಂದ ಚಾಲ್ತಿ ವರ್ಷದ ಸಾಲನ್ನು ಲೆಕ್ಕದಿಂದ ಹೊರಗಿಡಿ. ಪಠ್ಯರೂಪದ ಇನ್ನೊಂದು ಕಡತವೂ ಇದೆ. ಅದರಲ್ಲಿ ಅಂಕಿಗಳು ಡಿಗ್ರಿಯ ನೂರನೇ ಭಾಗದಲ್ಲಿವೆ, ಅಂದರೆ 61 ಎಂದಿದ್ದರೆ 0.61 ಡಿಗ್ರಿ. ಜೊತೆಗೆ ತಲೆಬರಹ ನಡುನಡುವೆ ಮತ್ತೆ ಮತ್ತೆ ಬರುತ್ತದೆ. ಸಿಎಸ್‌ವಿ ಇರುವಾಗ ಅದರ ಗೊಡವೆ ಬೇಡ.

ಕಾಲಂ ಎ ವರ್ಷ. ಬಿಯಿಂದ ಎಂವರೆಗೆ ಹನ್ನೆರಡು ತಿಂಗಳು. ಎನ್ ಕಾಲಂನ ಹೆಸರು ಜೆ-ಡಿ, ಅದು ಜನವರಿ–ಡಿಸೆಂಬರ್ ಸರಾಸರಿ. ಪಕ್ಕದ ಡಿ-ಎನ್ ಕಾಲಂ ಡಿಸೆಂಬರಿನಿಂದ ನವೆಂಬರಿನವರೆಗಿನ ಹವಾಮಾನ ವರ್ಷ. ಇವೆರಡನ್ನು ಕಲೆಸಿಬಿಡುವುದು ತೀರಾ ಸಾಮಾನ್ಯ ತಪ್ಪು. 1880 ಮೂರನೇ ಸಾಲಿನಲ್ಲಿರುವುದರಿಂದ ಯಾವುದೇ ವರ್ಷದಿಂದ 1877 ಕಳೆದರೆ ಅದರ ಸಾಲಿನ ಸಂಖ್ಯೆ ಸಿಗುತ್ತದೆ: 1998 ಇರುವುದು 121ನೇ ಸಾಲಿನಲ್ಲಿ, 2012 ಇರುವುದು 135ರಲ್ಲಿ.

ಇಲ್ಲಿರುವುದು ನೇರ ತಾಪಮಾನವಲ್ಲ, 1951–1980ರ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಂತರ. ಬ್ರಿಟನ್ನಿನ ಇಂಥದ್ದೇ ಕೋಷ್ಟಕವಾದ ಹ್ಯಾಡ್‌ಕ್ರಟ್ ತನ್ನ ಅಂತರವನ್ನು 1961–1990ರಿಂದ ಅಳೆಯುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಗೆಯೇ ಹಾಕಿ ‘ನಾಸಾ ಬೇಕೆಂದೇ ಬಿಸಿ ಹೆಚ್ಚಿಸಿದೆ’ ಎನ್ನುವವರಿದ್ದಾರೆ. ಹೆಚ್ಚಿರುವುದು ಬಿಸಿಯಲ್ಲ, ಅಳತೆಗೋಲಿನ ಸೊನ್ನೆ ಬೇರೆ ಕಡೆ ಇದೆ ಅಷ್ಟೆ. ಒಂದೇ ಅವಧಿಯ ಸರಾಸರಿಯನ್ನು ಎರಡರಿಂದಲೂ ಕಳೆದ ಮೇಲೆಯೇ ಹೋಲಿಸಬೇಕು. ಏರಿಕೆಯ ವೇಗಕ್ಕೆ ಮಾತ್ರ ಈ ಸೊನ್ನೆಯ ಹಂಗಿಲ್ಲ.

ಈಗ ವಿಷಯಕ್ಕೆ ಬರೋಣ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2013ರ ಐದನೇ ವರದಿ 1951–2012ರ ಏರಿಕೆಯನ್ನು ದಶಕಕ್ಕೆ 0.12 ಡಿಗ್ರಿ ಎಂದಿತು. 1998–2012ರ ಹದಿನೈದು ವರ್ಷಕ್ಕೆ ಅದೇ ವರದಿಯ ಲೆಕ್ಕ ದಶಕಕ್ಕೆ ಬರೀ 0.05, ಅದೂ ಮೈನಸ್ 0.05ರಿಂದ ಪ್ಲಸ್ 0.15ರವರೆಗಿನ ಅನಿಶ್ಚಿತತೆಯೊಡನೆ. ಈ ಸಾಲಿನಿಂದ ‘ಹಯಾಟಸ್’, ಅಂದರೆ ವಿರಾಮ, ಎಂಬ ಪದ ಇನ್ನಷ್ಟು ಹರಡಿತು. ಎಲ್ ನಿನೋ (ಪೆಸಿಫಿಕ್ ಬೆಚ್ಚಗಾಗಿ ಭೂಮಿಯ ಸರಾಸರಿಯೂ ಏರುವ ಸ್ಥಿತಿ) ವರ್ಷವಾದ 1998ರಿಂದ ಶುರುಮಾಡುವ ಅಲ್ಪಾವಧಿಯ ಲೆಕ್ಕ ದೀರ್ಘ ಪ್ರವೃತ್ತಿಯನ್ನು ತೋರಿಸುವುದಿಲ್ಲ ಎಂದು ವರದಿ ಅಲ್ಲೇ ಎಚ್ಚರಿಸಿತ್ತು. ಆ ಎಚ್ಚರಿಕೆ ಅಷ್ಟಾಗಿ ಓಡಾಡಲಿಲ್ಲ.

ಗಿಸ್‌ಟೆಂಪ್ ಕಡತದಲ್ಲಿ ಅದೇ ಹದಿನೈದು ವರ್ಷವನ್ನು ಹಿಡಿಯೋಣ. ಅಂಕಿಗಳ ನಡುವೆ ನೇರ ಗೆರೆ ಎಳೆದು ವರ್ಷಕ್ಕೆ ಎಷ್ಟು ಏರಿಕೆ ಎಂದು ಹೇಳುವ ಸ್ಲೋಪ್ (SLOPE) ಸೂತ್ರಕ್ಕೆ ಮೊದಲು ಎನ್121ರಿಂದ ಎನ್135, ಆಮೇಲೆ ಎ121ರಿಂದ ಎ135 ಕೊಡಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಈಗಿನ ಆವೃತ್ತಿಯಲ್ಲಿ ದಶಕಕ್ಕೆ ಸುಮಾರು 0.13 ಡಿಗ್ರಿ ಬರುತ್ತದೆ. ಒಂದೇ ವರ್ಷ ಸರಿಸಿ 1999–2013 ಮಾಡಿದರೆ 0.16 ಆಗುತ್ತದೆ. 1998ರ ಅಂಕಿ 0.61, ಎಲ್ ನಿನೋಗೆ ವಿರುದ್ಧವಾದ ತಂಪು ಸ್ಥಿತಿ ಲಾ ನಿನಾ ಬಂದ 1999ರದ್ದು 0.38. ಹದಿನೈದರಲ್ಲಿ ಒಂದು ವರ್ಷ ಬದಲಾದರೆ ಉತ್ತರದ ನಾಲ್ಕನೇ ಒಂದು ಭಾಗ ಬದಲಾಗುತ್ತದೆ ಎಂದರೆ ಆ ಉತ್ತರದ ಮೇಲೆ ಎಷ್ಟು ಭಾರ ಹೇರಬಹುದು ಎಂಬುದು ಗೊತ್ತಾಗುತ್ತದೆ. ಆರಂಭವನ್ನು ಹಾಗೇ ಬಿಟ್ಟು 2016ರವರೆಗೆ ಎಳೆದರೆ 0.20. ಆದರೆ 2016 ಕೂಡ ದೊಡ್ಡ ಎಲ್ ನಿನೋದ ವರ್ಷ. ಅಲ್ಲಿಗೆ ತಂದು ನಿಲ್ಲಿಸಿ ‘ನೋಡಿ, ವಿರಾಮ ಇಲ್ಲವೇ ಇಲ್ಲ’ ಎನ್ನುವುದೂ ಅಷ್ಟೇ ತಪ್ಪು.

ಕೋಷ್ಟಕದ ದೊಡ್ಡ ಕೊರತೆ ಇಲ್ಲಿದೆ. ವಾರ್ಷಿಕ ಅಂಕಿಗಳ ಅನಿಶ್ಚಿತತೆಗೆ ಬೇರೆ ಕಡತ ಇದೆ, ಆದರೆ ನೀವು ಎಳೆದ ಗೆರೆಯ ಅನಿಶ್ಚಿತತೆಯನ್ನು ಈ ಕೋಷ್ಟಕ ಕೊಡುವುದಿಲ್ಲ. ಹೊಸಬರು ಬರೀ ಸ್ಲೋಪ್ ನೋಡಿ ಜಗಳಕ್ಕಿಳಿಯುವುದು ಇದರಿಂದಲೇ. ಅದನ್ನು ನಾವೇ ಹೀಗೆ ತೆಗೆಯಬೇಕು: ಎಸ್‌ಟಿಇವೈಎಕ್ಸ್ (STEYX) ಸೂತ್ರದಿಂದ ಗೆರೆಯ ಸುತ್ತಲಿನ ಚದುರುವಿಕೆ ಸಿಗುತ್ತದೆ, 1998–2012ಕ್ಕೆ ಅದು ಸುಮಾರು 0.082. ವರ್ಷಗಳ ಕಾಲಂಗೆ ಡೆವ್‌ಎಸ್‌ಕ್ಯೂ (DEVSQ) ಹಾಕಿದರೆ 280, ಅದರ ವರ್ಗಮೂಲ 16.7. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ದಶಕಕ್ಕೆಂದು ಹತ್ತರಿಂದ, ಎರಡು ಸಿಗ್ಮಾಗೆಂದು (ಸುಮಾರು 95 ಶೇಕಡಾ ಭರವಸೆಯ ಅಳತೆ) ಮತ್ತೆ ಎರಡರಿಂದ ಗುಣಿಸಿದರೆ 0.10. ಅಂದರೆ ಪೂರ್ತಿ ಉತ್ತರ 0.13, ಆಚೆ 0.10, ಈಚೆ 0.10. ದಶಕಕ್ಕೆ 0.03ರಿಂದ 0.23ರವರೆಗೆ ಯಾವುದೂ ಇರಬಹುದು. 1970ರಿಂದ ಈಚಿನ ಒಟ್ಟಾರೆ ವೇಗ ದಶಕಕ್ಕೆ ಸುಮಾರು 0.2. ಅದು ಈ ವ್ಯಾಪ್ತಿಯೊಳಗೇ ಕೂತಿದೆ. ಒಂದು ವರ್ಷದ ಬಿಸಿ ಮುಂದಿನ ವರ್ಷಕ್ಕೂ ಅಂಟುವುದರಿಂದ ನಿಜವಾದ ವ್ಯಾಪ್ತಿ ಇನ್ನೂ ಅಗಲ. ಈ ಒಂದು ಹೆಜ್ಜೆ ಬಿಟ್ಟು ಬರೆದ ಯಾವ ‘ವಿರಾಮ’ದ ಲೇಖನವನ್ನೂ ಒಪ್ಪಬೇಡಿ, ಅದು ಯಾವ ಪಕ್ಷದ್ದೇ ಆಗಲಿ.

ಹಾಗಾದರೆ ನಿಧಾನವಾಗಿದ್ದು ಬರೀ ಭ್ರಮೆಯೇ? ಅಲ್ಲ. ಇದೇ ಕೋಷ್ಟಕದಲ್ಲಿ 2002ರಿಂದ 2012ರವರೆಗೆ ಗೆರೆ ಎಳೆಯಿರಿ. ದಶಕಕ್ಕೆ 0.04 ಮಾತ್ರ, ಆಚೀಚೆ 0.11. ಮೇಲಿನ ತುದಿ 0.15ಕ್ಕೆ ನಿಲ್ಲುತ್ತದೆ, 0.2 ಹೊರಗೇ ಉಳಿಯುತ್ತದೆ. ಆದರೆ 2002 ಎಂಬ ಆರಂಭವನ್ನು ನಾವು ಆರಿಸಿದ್ದು ಗ್ರಾಫನ್ನು ನೋಡಿದ ಮೇಲೆ. ಐವತ್ತು ವರ್ಷಗಳ ಸಾಲಿನಲ್ಲಿ ಅತಿ ಚಪ್ಪಟೆಯಾದ ತುಂಡನ್ನು ಹುಡುಕಿ ತೆಗೆದರೆ ಮಾಮೂಲಿ ಎರಡು ಸಿಗ್ಮಾ ಪರೀಕ್ಷೆ ಸಾಲದು, ಅಳತೆ ಬಿಗಿಯಾಗಬೇಕು. 2017ರಲ್ಲಿ ರಾಮ್‌ಸ್ಟಾರ್ಫ್, ಫಾಸ್ಟರ್ ಮತ್ತು ಕಾಹಿಲ್ ಈ ಬಲೆಯನ್ನು ವಿವರವಾಗಿ ಬಿಡಿಸಿಟ್ಟರು. ಇನ್ನೊಂದು ಬಲೆಯೂ ಇದೆ: 1997ರವರೆಗೆ ಒಂದು ಗೆರೆ, 1998ರಿಂದ ಇನ್ನೊಂದು ಗೆರೆ ಎಳೆದರೆ ಎರಡರ ತುದಿಗಳು ಕೂಡುವುದಿಲ್ಲ, ನಡುವೆ ಒಂದು ಜಿಗಿತ ಉಳಿಯುತ್ತದೆ. ಚಪ್ಪಟೆ ಗೆರೆಯನ್ನಷ್ಟೇ ತೋರಿಸುವವರು ಆ ಜಿಗಿತದಲ್ಲಿ ಅಡಗಿದ ಬಿಸಿಯನ್ನು ಬಿಟ್ಟುಬಿಟ್ಟಿರುತ್ತಾರೆ.

ಇನ್ನೂ ಸರಳ ಪರೀಕ್ಷೆ ಬೇಕೆ? ಎನ್114ರಿಂದ 123, 124ರಿಂದ 133, 134ರಿಂದ 143, ಈ ಮೂರು ತುಂಡುಗಳ ಸರಾಸರಿ ತೆಗೆಯಿರಿ. 1991–2000ಕ್ಕೆ 0.38, 2001–2010ಕ್ಕೆ 0.62, 2011–2020ಕ್ಕೆ 0.84. ದಶಕದಿಂದ ದಶಕಕ್ಕೆ ಏರಿಕೆ 0.24, ಆಮೇಲೆ 0.22. 1991ರ ಜೂನಿನಲ್ಲಿ ಸಿಡಿದ ಪಿನಾಟುಬೊ ಜ್ವಾಲಾಮುಖಿ 1992 ಮತ್ತು 1993ನ್ನು ತಂಪಾಗಿಸಿ ಮೊದಲ ದಶಕವನ್ನು ಸ್ವಲ್ಪ ಕೆಳಕ್ಕೆಳೆದಿದೆ ಎಂಬುದನ್ನೂ ನೆನಪಿಡಿ.

ಐಪಿಸಿಸಿ 0.05 ಎಂದ ಕಡೆ ಇಂದಿನ ಕೋಷ್ಟಕ 0.13 ಎನ್ನುವುದೇಕೆ? ಗಿಸ್‌ಟೆಂಪ್‌ನ ಬೆಲೆ ತಿಳಿಯುವುದು ಈ ಪ್ರಶ್ನೆಯಲ್ಲೇ. ಮೊದಲ ಕಾರಣ ಉತ್ತರ ಧ್ರುವ ಪ್ರದೇಶ. ಆಗಿನ ಹ್ಯಾಡ್‌ಕ್ರಟ್4 ಭೂಮಿಯನ್ನು ಐದು ಡಿಗ್ರಿಯ ಚೌಕಗಳಾಗಿ ಹಂಚಿ, ಅಳತೆಯಿಲ್ಲದ ಚೌಕಗಳನ್ನು ಖಾಲಿ ಬಿಡುತ್ತಿತ್ತು. ಅದಕ್ಕೆ ಸಿಗುತ್ತಿದ್ದುದು ಭೂಮಿಯ ಸುಮಾರು 84 ಶೇಕಡಾ ಮಾತ್ರ. ಬಿಟ್ಟುಹೋದದ್ದರಲ್ಲಿ ಎಲ್ಲಕ್ಕಿಂತ ವೇಗವಾಗಿ ಬಿಸಿಯಾಗುತ್ತಿದ್ದ ಉತ್ತರ ಧ್ರುವವೂ ಇತ್ತು. 2013ರ ಕೊನೆಗೆ ಕೆವಿನ್ ಕೌಟನ್ ಮತ್ತು ರಾಬರ್ಟ್ ವೇ ಉಪಗ್ರಹದ ಅಂಕಿಗಳ ನೆರವಿನಿಂದ ಆ ಖಾಲಿ ಜಾಗ ತುಂಬಿದಾಗ 1997ರಿಂದ ಈಚಿನ ವೇಗ ಎರಡೂವರೆ ಪಟ್ಟಾಯಿತು. ಗಿಸ್‌ಟೆಂಪ್ ಮೊದಲಿನಿಂದಲೂ ಬೇರೆ ದಾರಿ ಹಿಡಿದಿದೆ: ಒಂದು ಹವಾಮಾನ ಕೇಂದ್ರದ ತಾಪಮಾನ ಅಂತರವನ್ನು 1200 ಕಿಲೋಮೀಟರ್ ದೂರದವರೆಗೆ, ದೂರ ಹೆಚ್ಚಿದಂತೆ ತೂಕ ಇಳಿಸುತ್ತಾ, ಹರಡುತ್ತದೆ. ಬೆಂಗಳೂರಿನಿಂದ ನೇರ ಉತ್ತರಕ್ಕೆ ಅಳೆದರೆ ಇದು ಭೋಪಾಲವನ್ನೂ ಸ್ವಲ್ಪ ದಾಟುತ್ತದೆ. ಎರಡೂರಿನ ಸೆಖೆ ಒಂದೇ ಅಲ್ಲ, ಆದರೆ ಮಾಮೂಲಿಗಿಂತ ಎಷ್ಟು ಹೆಚ್ಚು ಎಂಬುದು ಜೊತೆಜೊತೆಗೆ ಏರಿಳಿಯುತ್ತದೆ ಎಂಬುದು ಇದರ ಆಧಾರ. ಹ್ಯಾನ್ಸನ್ ಮತ್ತು ಲೆಬೆಡೆಫ್ 1987ರಲ್ಲಿ ಇದನ್ನು ತೋರಿಸಿದ್ದರು. ಧ್ರುವದ ಕಡೆ ಈ ನಂಟು ಗಟ್ಟಿ, ಉಷ್ಣವಲಯದಲ್ಲಿ ಸಡಿಲ. ಹಾಗಾಗಿ ನಮ್ಮ ಊರಿನ ಲೆಕ್ಕಕ್ಕೆ ಈ ಕೋಷ್ಟಕವನ್ನು ಬಳಸಬಾರದು, ಇಡೀ ಭೂಮಿಗೆ ಬಳಸಬೇಕು.

ಇದನ್ನು ಕಣ್ಣಾರೆ ನೋಡಬೇಕಾದರೆ ಅದೇ ಸಂಸ್ಥೆಯ ನಕ್ಷೆ ಮಾಡುವ ಪುಟಕ್ಕೆ ಹೋಗಿ. ನಕ್ಷೆಯ ಬಗೆ ‘ಟ್ರೆಂಡ್ಸ್’, ಅವಧಿ 1998ರಿಂದ 2012, ವಾರ್ಷಿಕ ಸರಾಸರಿ. ಮೊದಲು ಹರಡುವ ದೂರ 250 ಕಿಲೋಮೀಟರ್ ಇಟ್ಟು ನಕ್ಷೆ ತೆಗೆಯಿರಿ, ಆಮೇಲೆ 1200. ಮೊದಲನೆಯದರಲ್ಲಿ ನೆತ್ತಿಯ ಮೇಲೆ ಬೂದು ಬಣ್ಣ, ಅಂದರೆ ಅಳತೆಯಿಲ್ಲ. ಎರಡನೆಯದರಲ್ಲಿ ಅದೇ ಜಾಗ ಕಡುಕೆಂಪು. ಬೂದು ಇರುವ ಕಡೆ ಬಿಸಿ ಇಲ್ಲವೆಂದಲ್ಲ, ಥರ್ಮಾಮೀಟರ್ ಇಲ್ಲ. ನಕ್ಷೆಯ ಬಲ ಮೂಲೆಯ ಮೇಲೆ ಜಾಗತಿಕ ಸರಾಸರಿ ಬರುತ್ತದೆ. ಅದು ಇಡೀ ಅವಧಿಯ ಒಟ್ಟು ಬದಲಾವಣೆ, ದಶಕದ ವೇಗವಲ್ಲ. ಇದನ್ನು ಮರೆತರೆ ಲೆಕ್ಕ ಒಂದೂವರೆ ಪಟ್ಟು ತಪ್ಪುತ್ತದೆ.

ಅದೇ ನಕ್ಷೆಯಲ್ಲಿ ಪೆಸಿಫಿಕ್‌ನ ಪೂರ್ವಭಾಗ ನೋಡಿ. ಎಲ್ಲೆಡೆ ಕೆಂಪಿರುವಾಗ ಅಲ್ಲೊಂದು ದೊಡ್ಡ ನೀಲಿ ಪಟ್ಟೆ. ನಿಧಾನಗತಿಯ ನಿಜವಾದ ಭಾಗ ಇರುವುದು ಇಲ್ಲಿ. ವಾಣಿಜ್ಯ ಮಾರುತಗಳು ಬಿರುಸಾಗಿ ಬೆಚ್ಚಗಿನ ನೀರನ್ನು ಪಶ್ಚಿಮಕ್ಕೆ ತಳ್ಳಿ ಆಳಕ್ಕಿಳಿಸಿದವು, ಪೂರ್ವದಲ್ಲಿ ತಣ್ಣನೆಯ ನೀರು ಮೇಲೆದ್ದಿತು. ಕೊಸಾಕ ಮತ್ತು ಶೀ 2013ರಲ್ಲಿ ತಮ್ಮ ಹವಾಮಾನದ ಕಂಪ್ಯೂಟರ್ ಮಾದರಿಗೆ ಈ ಪ್ರದೇಶದ ಸಮುದ್ರ ತಾಪಮಾನವನ್ನಷ್ಟೇ, ಅಂದರೆ ಭೂಮಿಯ ಮೇಲ್ಮೈಯ 8.2 ಶೇಕಡಾವನ್ನಷ್ಟೇ, ನಿಜದಂತೆ ಕೂರಿಸಿದರು. ಮಾದರಿ ನಿಧಾನಗತಿಯನ್ನು ಹಾಗೆಯೇ ತೋರಿಸಿತು. ಮಾದರಿಗಳು ಹೆಚ್ಚು ಬಿಸಿ ಹೇಳಿದ್ದು ನಿಜ: ಐಪಿಸಿಸಿ ಲೆಕ್ಕದಲ್ಲಿ 114 ಓಟಗಳ ಪೈಕಿ 111 ಅಳತೆಗಿಂತ ಮೇಲಿದ್ದವು. ಜಾನ್ ಫೈಫ್ ಮತ್ತು ಸಂಗಡಿಗರು 2016ರಲ್ಲಿ ‘ನಿಧಾನಗತಿ ಇತ್ತು, ಅದನ್ನು ಅಳಿಸಿ ಹಾಕಬೇಡಿ’ ಎಂದು ಬರೆದದ್ದು ಸರಿಯಾಗಿಯೇ ಇದೆ. ಮೇಲ್ಮೈ ನಿಧಾನವಾಯಿತು, ಭೂಮಿ ಶಾಖ ಕೂಡಿಡುವುದು ನಿಲ್ಲಲಿಲ್ಲ. ಹೆಚ್ಚುವರಿ ಶಾಖದ 90 ಶೇಕಡಾಕ್ಕೂ ಮಿಗಿಲು ಸಮುದ್ರಕ್ಕೆ ಹೋಗುತ್ತದೆ, ಅದನ್ನು 2000 ಮೀಟರ್ ಆಳದವರೆಗೆ ಅಳೆಯುವುದು ಆರ್ಗೊ ತೇಲುಯಂತ್ರಗಳು. ಗಿಸ್‌ಟೆಂಪ್‌ನಲ್ಲಿ ಈ ಅಂಕಿಗಳಿಲ್ಲ. ಈ ಕೋಷ್ಟಕವೊಂದರಿಂದಲೇ ವಾದ ಮುಗಿಸಹೊರಟರೆ ಎಡವುವುದು ಇಲ್ಲೇ.

0.05 ಮತ್ತು 0.13ರ ನಡುವಿನ ವ್ಯತ್ಯಾಸಕ್ಕೆ ಎರಡನೇ ಕಾರಣ ಸಮುದ್ರದ ಅಳತೆ. ಹಡಗುಗಳು ಎಂಜಿನ್ ಕೋಣೆಗೆ ಎಳೆದುಕೊಳ್ಳುವ ನೀರನ್ನು ಅಳೆಯುತ್ತವೆ, ಅಲ್ಲಿ ಅದು ಸ್ವಲ್ಪ ಬೆಚ್ಚಗಾಗಿರುತ್ತದೆ. ತೇಲುಬಾಯ್‌ಗಳು (ಸಮುದ್ರದ ಮೇಲೆ ತೇಲುವ ಅಳತೆಯಂತ್ರಗಳು) ನೀರಿನಲ್ಲೇ ಇರುವುದರಿಂದ ಸರಾಸರಿ 0.12 ಡಿಗ್ರಿ ಕಡಿಮೆ ತೋರಿಸುತ್ತವೆ. 1990ರ ನಂತರ ಬಾಯ್‌ಗಳ ಪಾಲು ಏರುತ್ತಾ ಹೋದಂತೆ ಸಮುದ್ರ ತಣ್ಣಗಾದಂತೆ ಕಂಡಿತು. ಥಾಮಸ್ ಕಾರ್ಲ್ ತಂಡ 2015ರ ಜೂನಿನಲ್ಲಿ ಇದನ್ನೂ ಇತರ ಕೆಲವು ದೋಷಗಳನ್ನೂ ಸರಿಪಡಿಸಿದಾಗ 1998–2012ರ ವೇಗ ಅವರ ಲೆಕ್ಕದಲ್ಲಿ 0.039ರಿಂದ 0.086ಕ್ಕೆ ಏರಿತು. ಬಾಯ್‌ಗಳಿಗೆ 0.12 ಕೂಡಿಸಿದ್ದನ್ನೇ ಹಿಡಿದು ‘ಒಳ್ಳೆಯ ಅಳತೆಯನ್ನು ಕೆಟ್ಟದ್ದಕ್ಕೆ ಹೊಂದಿಸಿದರು’ ಎಂದು ದೂರಿದವರು ಬಹಳ. ಹಡಗಿನಿಂದ ಕಳೆಯಿರಿ, ಇಲ್ಲವೇ ಬಾಯ್‌ಗೆ ಕೂಡಿಸಿ, ಏರಿಕೆಯ ವೇಗ ಒಂದೇ. ಈಗ ಗಿಸ್‌ಟೆಂಪ್ ಬಳಸುವ ಐದನೇ ಆವೃತ್ತಿಯ ಸಮುದ್ರ ಕಡತದಲ್ಲಿ ಬಾಯ್‌ಗಳೇ ಆಧಾರ, ಹಡಗಿನ ಅಳತೆಯನ್ನು ಅವಕ್ಕೆ ಹೊಂದಿಸಲಾಗಿದೆ. 2017ರಲ್ಲಿ ಜೀಕ್ ಹೌಸ್‌ಫಾದರ್ ತಂಡ ಬಾಯ್, ಉಪಗ್ರಹ, ಆರ್ಗೊ ಮೂರನ್ನೂ ಬೇರೆಬೇರೆಯಾಗಿ ತೆಗೆದು ನೋಡಿದಾಗ ಸರಿಪಡಿಸಿದ ಲೆಕ್ಕವೇ ತಾಳೆಯಾಯಿತು. ಎಲ್ಲ ತಿದ್ದುಪಡಿಗಳನ್ನೂ ಕೂಡಿಸಿ ನೋಡಿದರೆ ಇಡೀ ಶತಮಾನದ ಏರಿಕೆ ಹಸಿ ಅಂಕಿಗಳಿಗಿಂತ ಕಡಿಮೆಯೇ ಆಗುತ್ತದೆ, ಏಕೆಂದರೆ ಹಳೆಯ ಕಾಲದಲ್ಲಿ ಬಕೆಟ್‌ನಿಂದ ಸಮುದ್ರದ ನೀರೆತ್ತಿ ಮಾಡಿದ ಅಳತೆಗಳನ್ನು ಮೇಲಕ್ಕೆ ತಿದ್ದಬೇಕಾಯಿತು.

ಬಳಸುವವರಿಗೆ ಕಿರಿಕಿರಿ ಕೊಡುವ ಇನ್ನೊಂದು ಗುಣ: ಹೊಸ ಅಳತೆಗಳು ಬಂದಂತೆ ಹಳೆಯ ವರ್ಷಗಳ ಅಂಕಿಗಳೂ ನೂರನೇ ಒಂದು ಭಾಗದಷ್ಟು ಆಚೀಚೆ ಆಗುತ್ತವೆ. ಇಲ್ಲಿ ಕೊಟ್ಟ ಅಂಕಿಗಳು ನಿಮ್ಮ ಕಡತದಲ್ಲಿ ಕೊನೆಯ ಅಂಕೆಯಲ್ಲಿ ಬೇರೆಯಾಗಿದ್ದರೆ ಗಾಬರಿ ಬೇಡ. ಇಳಿಸಿಕೊಂಡ ದಿನಾಂಕವನ್ನು ಕಡತದ ಹೆಸರಿನಲ್ಲೇ ಬರೆದಿಡಿ, ಆ ಪ್ರತಿಯನ್ನು ಅಳಿಸಬೇಡಿ. ಲೆಕ್ಕ ಮಾಡುವ ಪೈಥಾನ್ ಕೋಡ್ ಕೂಡ ಬಹಿರಂಗವಾಗಿ ಸಿಗುತ್ತದೆ, ಅನುಮಾನ ಇದ್ದವರು ಓಡಿಸಿ ನೋಡಬಹುದು.

ಹ್ಯಾಡ್‌ಕ್ರಟ್ ಕೂಡ ಈಗ ಐದನೇ ಆವೃತ್ತಿಗೆ ಬಂದು ಖಾಲಿ ಜಾಗಗಳನ್ನು ತುಂಬುತ್ತಿದೆ, 1850ರಿಂದಲೇ ಶುರುವಾಗುತ್ತದೆ, 200 ಪ್ರತಿಗಳ ಸಮೂಹವಾಗಿ ಅನಿಶ್ಚಿತತೆಯನ್ನೂ ಕೊಡುತ್ತದೆ. ಕೈಗಾರಿಕಾ ಯುಗಕ್ಕಿಂತ ಹಿಂದಿನ ಮಟ್ಟದಿಂದ ಎಷ್ಟು ಏರಿದೆ ಎಂದು ತಿಳಿಯಬೇಕಾದವರಿಗೆ ಅದೇ ಒಳ್ಳೆಯದು. ಸ್ಪ್ರೆಡ್‌ಶೀಟ್ ತೆರೆದು ಅರ್ಧ ಗಂಟೆಯಲ್ಲಿ ‘ವಿರಾಮ’ದ ವಾದವನ್ನು ತೂಗಿ ನೋಡಬೇಕಾದವರಿಗೆ ಗಿಸ್‌ಟೆಂಪ್ ಸಾಕು. ಶುರುಮಾಡುವಾಗ ಎನ್121ನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು, ಎರಡು ಸಲ ಗೆರೆ ಎಳೆಯಿರಿ.